ಬೈಕಿಗೆ ಆರ್‌ಪಿಎಂ ಮೀಟರ್: ಆರಿಸುವುದು ಹೇಗೆ, ಕೂರಿಸುವುದು ಹೇಗೆ?

ಉಡುಪಿಯಿಂದ ಆಗುಂಬೆ ಘಾಟಿ ಹತ್ತುವಾಗ ಎಂಜಿನ್ ಒದ್ದಾಡುತ್ತಿದೆ ಅಂತ ಕಿವಿಗೆ ಗೊತ್ತಾಗುತ್ತದೆ. ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತುಗಳಿಗೆ ಇಳಿದಿದೆ ಎಂದು ತೋರಿಸುವುದು ಆರ್‌ಪಿಎಂ ಮೀಟರ್. ಸ್ಪ್ಲೆಂಡರಿನ 97.2 ಸಿಸಿ ಎಂಜಿನ್ ಹೆಚ್ಚು ಎಳೆಯುವುದು 6000 ಆರ್‌ಪಿಎಂ ಹತ್ತಿರ. ತಿರುವಿನಲ್ಲಿ ಮುಳ್ಳು 3000ದ ಕೆಳಗೆ ಬಿದ್ದರೆ ಒಂದು ಗೇರ್ ಇಳಿಸಿ, ಎಂಜಿನ್ ನಿರಾಳವಾಗುತ್ತದೆ.

ಅಂಗಡಿಯಲ್ಲಿ ಡಯಲ್‌ನ ಚೆಂದಕ್ಕೆ ಮರುಳಾಗಬೇಡಿ. ನಿಮ್ಮ ಬೈಕಿನ ಇಗ್ನಿಷನ್‌ಗೆ (ಪ್ಲಗ್‌ನಲ್ಲಿ ಕಿಡಿ ಹಾರಿಸುವ ವ್ಯವಸ್ಥೆಗೆ) ಅದು ಹೊಂದುತ್ತದೆಯೇ ಎಂದು ಮೊದಲು ಕೇಳಿ. ಸಿಡಿಐ (ಕೆಪಾಸಿಟರಿನಲ್ಲಿ ಕರೆಂಟ್ ತುಂಬಿ ಒಮ್ಮೆಲೇ ಬಿಡುವ ಇಗ್ನಿಷನ್) ಇರುವ ಬೈಕಿನಲ್ಲಿ ಇಗ್ನಿಷನ್ ಕಾಯಿಲಿಗೆ ಹೋಗುವ ವಯರಿನಲ್ಲೇ 200 ವೋಲ್ಟಿಗೂ ಜಾಸ್ತಿ ಹೊಡೆತ ಇರುತ್ತದೆ. ಸಿಡಿಐಗೆಂದು ಮಾಡದ ಮೀಟರನ್ನು ಅಲ್ಲಿ ಜೋಡಿಸಿದರೆ ಸುಟ್ಟುಹೋಗಬಹುದು. ತನ್ನ ವಯರನ್ನು ಪ್ಲಗ್ ವಯರಿನ ಮೇಲೆ ಸುಮ್ನೆ ಸುತ್ತಿ ಸಿಗ್ನಲ್ ಪಡೆಯುವ ಮೀಟರೇ ನನಗೆ ಇಷ್ಟ. ಬೈಕಿನ ಮೂಲ ವಯರಿಂಗ್‌ನಲ್ಲಿ ಕತ್ತರಿಸುವ ಕೆಲಸ ಕಡಿಮೆ. ಧೂಳು, ನೀರು ಒಳಗೆ ಹೋಗದು ಎಂದು ಹೇಳುವ ಐಪಿ67 ಗುರುತು ಇದ್ದರೆ ನಮ್ಮ ಮಳೆಗೆ ಒಳ್ಳೆಯದು.

ಕೆಲಸ ಶುರು ಮಾಡುವ ಮೊದಲು ಬ್ಯಾಟರಿಯ ನೆಗೆಟಿವ್ ಬಿಚ್ಚಿ. ಮೀಟರನ್ನು ರಬ್ಬರ್ ವಾಷರ್ ಇಟ್ಟು ಹ್ಯಾಂಡಲ್‌ಗೆ ಕ್ಲಾಂಪ್ ಮಾಡಿ. ಹ್ಯಾಂಡಲ್ ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ, ಯಾವ ಕೇಬಲ್ಲೂ ಎಳೆಯಬಾರದು.

ಈಗ ಮೀಟರಿಗೆ ಕರೆಂಟ್, ಅದು ಬ್ಯಾಟರಿಯಿಂದ ಬರಬೇಕು. ಹಳೆಯ ಬೈಕುಗಳಲ್ಲಿ ಹೆಡ್‌ಲೈಟ್ ಎಂಜಿನ್ ತಿರುಗುವಾಗ ಹುಟ್ಟುವ ಎಸಿ ಕರೆಂಟಿನಿಂದ ಉರಿಯುತ್ತದೆ, ಅದರಿಂದ ತೆಗೆಯಬಾರದು. ನೆಗೆಟಿವ್ ಮತ್ತೆ ಹಾಕಿ, ಟೆಸ್ಟ್ ಲ್ಯಾಂಪ್ ಹಿಡಿಯಿರಿ. ಎಂಜಿನ್ ಸ್ಟಾರ್ಟ್ ಮಾಡದೆ ಕೀ ಆನ್ ಮಾಡಿದಾಗ ಲ್ಯಾಂಪ್ ಉರಿಯಬೇಕು, ಆಫ್ ಮಾಡಿದರೆ ಆರಬೇಕು. ಅಂಥ ವಯರಿಗೆ 1 ಆಂಪಿಯರ್ ಫ್ಯೂಸ್ ಹಾಕಿ ಜೋಡಿಸಿ. ಅರ್ಥ್ ವಯರನ್ನು ಪೇಂಟ್ ಕೆರೆದ ಫ್ರೇಮ್ ಬೋಲ್ಟಿಗೆ ಬಿಗಿಯಿರಿ. ಜೋಡಿಸುವಾಗ ನೆಗೆಟಿವ್ ಮತ್ತೆ ಬಿಚ್ಚಿರಲಿ.

ಸಿಗ್ನಲ್ ವಯರನ್ನು ಪ್ಲಗ್ ವಯರಿನ ಸಿಪ್ಪೆಯ ಮೇಲೆ ನಾಲ್ಕೈದು ಸುತ್ತು ಬಿಗಿಯಾಗಿ ಸುತ್ತಿ ಟೈ ಹಾಕಿ. ಬೇರೆ ವಯರುಗಳ ಜೊತೆ ಕಟ್ಟಬೇಡಿ, ಮುಳ್ಳು ಕುಣಿಯಬಹುದು.

ಹೆಚ್ಚಿನವರು ಎಡವುವುದು ಪಲ್ಸ್ ಸೆಟ್ಟಿಂಗ್‌ನಲ್ಲಿ, ಅಂದರೆ ಎಷ್ಟು ಸುತ್ತಿಗೆ ಒಂದು ಕಿಡಿ ಎಂದು ಮೀಟರಿಗೆ ತಿಳಿಸುವುದರಲ್ಲಿ. ಯಮಹಾದ ಟು-ಸ್ಟ್ರೋಕ್ ಬೈಕ್ ಆರ್‌ಎಕ್ಸ್100ರಲ್ಲಿ ಪ್ರತಿ ಸುತ್ತಿಗೂ ಒಂದು ಕಿಡಿ. ಫೋರ್-ಸ್ಟ್ರೋಕ್‌ಗೆ ಎರಡು ಸುತ್ತಿಗೆ ಒಂದು ಸಾಕು. ಆದರೂ ಎಷ್ಟೋ ಸಿಂಗಲ್ ಸಿಲಿಂಡರ್ ಬೈಕುಗಳು ಪ್ರತಿ ಸುತ್ತಿಗೂ ಕಿಡಿ ಹಾರಿಸುತ್ತವೆ, ಅದರಲ್ಲಿ ಅರ್ಧ ವ್ಯರ್ಥ. ಹಾಗಾಗಿ ಲೆಕ್ಕವನ್ನು ಪುಸ್ತಕದಿಂದಲ್ಲ, ಐಡ್ಲಿಂಗಿನಿಂದ (ಆಕ್ಸಿಲರೇಟರ್ ಕೊಡದೆ ಎಂಜಿನ್ ತಿರುಗುವ ವೇಗದಿಂದ) ನೋಡಿ. ಎಂಜಿನ್ ಬಿಸಿಯಾದ ಮೇಲೆ ಸ್ಪ್ಲೆಂಡರ್ ಸುಮಾರು 1400 ತೋರಿಸಬೇಕು. 700 ಅಥವಾ 2800 ಬಂದರೆ ಮೀಟರಿನ ಪಲ್ಸ್ ಸೆಟ್ಟಿಂಗ್ ಬದಲಿಸಿ. ಐಡ್ಲಿಂಗ್ ಸ್ಕ್ರೂ ಮುಟ್ಟಬೇಡಿ, ಅದರದ್ದೇನೂ ತಪ್ಪಿಲ್ಲ.

ಮಲ್ಪೆ, ಸುರತ್ಕಲ್ ಕಡೆಯ ಉಪ್ಪುಗಾಳಿಗೆ ಟೇಪ್ ಸುತ್ತಿದ ಜಾಯಿಂಟ್ ಬಾಳುವುದಿಲ್ಲ. ಒಳಗೆ ತಾಮ್ರ ಹಸಿರುಗಟ್ಟುತ್ತದೆ. ಬೆಸುಗೆ ಹಾಕಿ ಹೀಟ್ ಶ್ರಿಂಕ್ ಸ್ಲೀವ್ ಏರಿಸಿ. ಮೀಟರಿಗೆ ಹೋಗುವ ವಯರು ಒಮ್ಮೆ ಕೆಳಗೆ ಇಳಿದು ಮತ್ತೆ ಮೇಲೇರುವಂತೆ ಬಿಡಿ. ನೀರು ಆ ಬಾಗಿನಲ್ಲೇ ತೊಟ್ಟಿಕ್ಕುತ್ತದೆ, ಒಳಗೆ ಹೋಗುವುದಿಲ್ಲ. ಮೀಟರಿನ ಅಡಿಯಲ್ಲಿ ಗಾಳಿಯಾಡುವ ಸಣ್ಣ ತೂತಿದ್ದರೆ ಗಮ್ ಹಾಕಿ ಮುಚ್ಚಬೇಡಿ, ಗಾಜಿನೊಳಗೆ ಹಬೆ ಕೂರುತ್ತದೆ. ಜೂನ್‌ಗೆ ಮೊದಲೊಮ್ಮೆ, ಮಳೆ ನಿಂತ ಮೇಲೊಮ್ಮೆ ಅರ್ಥ್ ಬೋಲ್ಟ್ ಬಿಚ್ಚಿ ತುಕ್ಕು ಕೆರೆದು, ಸ್ವಲ್ಪ ಗ್ರೀಸ್ ಸವರಿ ಬಿಗಿಯಿರಿ.