ಟ್ರ್ಯಾಕ್ ಕಾರಿಗೆ ಟರ್ಬೊ ಒಂದು ಸಾಕಾ, ಎರಡು ಬೇಕಾ?

ಟರ್ಬೊ (ಎಕ್ಸಾಸ್ಟ್ ಹೊಗೆಯಿಂದ ತಿರುಗಿ ಇಂಜಿನ್ನಿಗೆ ಹೆಚ್ಚು ಗಾಳಿ ತುರುಕೋ ಸಾಧನ) ಒಂದು ಹಾಕ್ಸೋದಾ ಎರಡು ಹಾಕ್ಸೋದಾ ಅಂತ ತಲೆ ಕೆಡಿಸ್ಕೊಳ್ಳೋಕೆ ಮುಂಚೆ ಒಂದು ಕೆಲಸ ಮಾಡಿ, ಪೂರ್ತಿ ಒಂದು ಲ್ಯಾಪಲ್ಲಿ ನಿಮ್ಮ ಇಂಜಿನ್ ಆರ್‌ಪಿಎಂ ಎಲ್ಲಿವರೆಗೂ ಇಳಿಯುತ್ತೆ ನೋಡಿ. ಡೇಟಾ ಲಾಗರ್ ಇಲ್ಲಾಂದ್ರೆ ಟ್ಯಾಕೋಮೀಟರ್ ಕಾಣೋ ಹಾಗೆ ಕ್ಯಾಮೆರಾ ಕಟ್ಟಿ ಓಡಿಸಿ, ಸಾಕು.

ಲೆಕ್ಕ ಹೀಗಿದೆ ನೋಡಿ: ಮೂರನೇ ಗೇರ್ ರೇಶಿಯೋ 1.4, ನಾಲ್ಕನೇದು 1.1 ಇದ್ದು 7200ಕ್ಕೆ ಶಿಫ್ಟ್ ಮಾಡಿದ್ರೆ ಮುಳ್ಳು ಬಂದು ನಿಲ್ಲೋದು ಸುಮಾರು 5650ರಲ್ಲಿ. ಅಂದ್ರೆ ರೋಡಲ್ಲಿ ಕಾಡೋ 2500 ಆರ್‌ಪಿಎಂ ಲ್ಯಾಗ್ (ಥ್ರಾಟಲ್ ಒತ್ತಿದ್ಮೇಲೆ ಟರ್ಬೊ ಎದ್ದೇಳೋವರೆಗೂ ಕಾಯೋ ಹೊತ್ತು) ಇಲ್ಲಿ ಲೆಕ್ಕಕ್ಕೇ ಇಲ್ಲ. ಆದ್ರೆ ಯಾವುದೋ ಒಂದು ನಿಧಾನದ ಕಾರ್ನರಲ್ಲಿ 4000ಕ್ಕೆ ಇಳಿದು, ನಿಮ್ಮ ಟರ್ಬೊ ಸ್ಪೂಲ್ ಆಗೋದೇ (ವೇಗ ಹಿಡಿದು ಗಾಳಿ ಒತ್ತೋಕೆ ಶುರು ಮಾಡೋದೇ) 5000ಕ್ಕೆ ಅಂದ್ರೆ, ಥ್ರಾಟಲ್ ಒತ್ತಿ ಕಾಯ್ತಾ ಇರ್ತೀರ, ಸ್ಟೀರಿಂಗ್ ಇನ್ನೂ ನೇರ ಆಗಿರಲ್ಲ, ಅಷ್ಟರಲ್ಲಿ ಬೂಸ್ಟ್ (ಟರ್ಬೊ ಒತ್ತೋ ಗಾಳಿ) ಒಂದೇ ಸಲಕ್ಕೆ ನುಗ್ಗಿ ರಿಯರ್ ವೀಲ್ ಡ್ರೈವ್ ಕಾರಾದ್ರೆ ಹಿಂದಿನ ಟೈರ್ ಜಾರೇ ಬಿಡುತ್ತೆ. ಹಾಗಾಗಿ ನಾನಂತೂ ಮೊದಲು ಸೈಜ್ ನೋಡು ಅಂತೀನಿ, ಎಷ್ಟು ಟರ್ಬೊ ಅನ್ನೋದು ಆಮೇಲಿನ ಮಾತು. ಪೆಟ್ರೋಲ್ ಇಂಜಿನ್ನಿಗೆ ನಿಮಿಷಕ್ಕೆ 1 ಪೌಂಡ್ ಗಾಳಿಗೆ ಹೆಚ್ಚುಕಮ್ಮಿ 10 ಎಚ್‌ಪಿ ಅಂತ ಇಟ್ಕೊಳ್ಳಿ, 450 ಎಚ್‌ಪಿ ಬೇಕಂದ್ರೆ 45 ಪೌಂಡ್, ಎರಡು ಟರ್ಬೊ ಆದ್ರೆ ಒಂದೊಂದಕ್ಕೆ 22-23, ಅಷ್ಟು ಗಾಳಿ ಕೊಡೋ ಸೈಜೇ ನಿಮಗೆ ಬೇಕು.

ಎರಡು ಚಿಕ್ಕವು ಹಾಕಿದ್ರೆ ಲ್ಯಾಗ್ ಮಾಯ ಅಂತ ಸುಮಾರು ಜನ ನಂಬಿದ್ದಾರೆ. ಟರ್ಬೊ ಒಳಗಿನ ವೀಲ್ ಹಗುರ ನಿಜ, ಆದ್ರೆ ಒಂದೊಂದಕ್ಕೂ ಸಿಗೋದು ಅರ್ಧ ಎಕ್ಸಾಸ್ಟ್ ಅಷ್ಟೇ, ಅದಕ್ಕೇ ಅಂದುಕೊಂಡಷ್ಟು ಲಾಭ ಇರಲ್ಲ.

ನಿಜವಾಗಿ ತೀರ್ಮಾನ ಮಾಡೋದು ಇಂಜಿನ್ ಆಕಾರ. ನಾಲ್ಕು ಸಿಲಿಂಡರ್ ಇದ್ರೆ ಯೋಚನೆನೇ ಬೇಡ, ಒಂದೇ ಹಾಕಿ, ಟ್ವಿನ್ ಸ್ಕ್ರಾಲ್ (ಎಕ್ಸಾಸ್ಟ್ ಒಳಗೆ ಬರೋಕೆ ಎರಡು ಬೇರೆ ದಾರಿ ಇರೋ ಟರ್ಬೊ) ಆದ್ರೆ ಇನ್ನೂ ಒಳ್ಳೇದು. ಫೈರಿಂಗ್ ಆರ್ಡರ್ (ಸಿಲಿಂಡರ್ ಒಂದಾದ್ಮೇಲೆ ಒಂದು ಉರಿಯೋ ಕ್ರಮ) 1-3-4-2 ಇದ್ರೆ 1 ಮತ್ತು 4 ಒಂದು ಕಡೆ, 2 ಮತ್ತು 3 ಇನ್ನೊಂದು ಕಡೆ, ಆಗ ಒಂದರ ಎಕ್ಸಾಸ್ಟ್ ಪಲ್ಸ್ ಇನ್ನೊಂದಕ್ಕೆ ಅಡ್ಡ ಬರಲ್ಲ. ಸಿಲಿಂಡರಿಂದ ಟರ್ಬೊಗೆ ಎಕ್ಸಾಸ್ಟ್ ತರೋ ಮ್ಯಾನಿಫೋಲ್ಡ್ ಕೂಡ ಹಾಗೇ ಎರಡಾಗಿ ಬೇರೆ ಇರ್ಬೇಕು, ಬರೀ ಟ್ವಿನ್ ಸ್ಕ್ರಾಲ್ ಹೌಸಿಂಗ್ (ಟರ್ಬೊದ ಹೊರಕವಚ) ತಂದು ಹಾಕಿದ್ರೆ ದುಡ್ಡು ದಂಡ. ಇನ್‌ಲೈನ್ ಸಿಕ್ಸಲ್ಲಿ (ಆರು ಸಿಲಿಂಡರ್ ಒಂದೇ ಸಾಲಲ್ಲಿರೋ ಇಂಜಿನ್) ಹಳೇ ಟೊಯೋಟಾ ಸುಪ್ರಾದ 2ಜೆಝಡ್-ಜಿಟಿಇಗೆ ಕಂಪನಿನೇ ಎರಡು ಕೊಟ್ಟಿತ್ತು, ಮೊದಲು ಒಂದು, ಆಮೇಲೆ ಎರಡನೇದೂ ಸೇರ್ಕೊಳ್ಳೋ ಸೀಕ್ವೆನ್ಷಿಯಲ್ ಸಿಸ್ಟಮ್, ಅದರ ವಾಲ್ವು, ವ್ಯಾಕ್ಯೂಮ್ ಪೈಪುಗಳ ಜಂಜಾಟ ಬೇಡ ಅಂತಾನೇ ಎಷ್ಟೋ ಜನ ಕಿತ್ತು ಒಂದು ದೊಡ್ಡದು ಕೂರಿಸ್ತಾರೆ. ಬಿಎಂಡಬ್ಲ್ಯೂ ಕೂಡ ಎನ್54 ಇಂಜಿನ್ನಿನ ಎರಡು ಟರ್ಬೊ ಬಿಟ್ಟು ಎನ್55ಗೆ ಒಂದೇ ಟ್ವಿನ್ ಸ್ಕ್ರಾಲ್ ಹಾಕ್ತು.

ಸಿಲಿಂಡರ್ ಎರಡು ಸಾಲಲ್ಲಿರೋ ವಿ6, ವಿ8 ಕಥೆನೇ ಬೇರೆ. ಎಕ್ಸಾಸ್ಟ್ ಎರಡೂ ಕಡೆಯಿಂದ ಬರುತ್ತೆ, ಒಂದೊಂದು ಕಡೆಗೆ ಒಂದೊಂದು ಟರ್ಬೊ ಇಟ್ರೆ ಪೈಪ್ ಗಿಡ್ಡ, ಬಿಸಿ ವೇಸ್ಟ್ ಆಗಲ್ಲ. ಜಾಗ ಇದ್ರೆ ಇಲ್ಲಿ ಎರಡೇ ಸರಿ.

ಆದ್ರೆ ಎರಡು ಅಂದ್ರೆ ಆಯಿಲ್ ಲೈನ್, ಕೂಲೆಂಟ್ ಲೈನ್, ಗ್ಯಾಸ್ಕೆಟ್ ಎಲ್ಲಾ ಡಬಲ್, ಬಾನೆಟ್ ಕೆಳಗೆ ಬಿಸಿ ಕೂಡ ಎರಡು ಕಡೆ. ಫಿಟ್ ಮಾಡಿದ್ಮೇಲೆ ಆಯಿಲ್ ಡ್ರೈನ್ ಪೈಪ್‌ನ ಬೆರಳಲ್ಲಿ ಮುಟ್ಟಿ ಮೇಲಿಂದ ಕೆಳಗಿನವರೆಗೂ ನೋಡಿ, ಎಲ್ಲೂ ಮೇಲಕ್ಕೆ ಬಾಗಿರ್ಬಾರ್ದು, ಹಿಸುಕಿರ್ಬಾರ್ದು. ಆಯಿಲ್ ಅದರಲ್ಲಿ ತಾನಾಗೇ ಇಳಿದು ಹೋಗ್ಬೇಕು, ನಿಂತ್ರೆ ಸೀಲ್ ದಾಟಿ ಎಕ್ಸಾಸ್ಟಲ್ಲಿ ನೀಲಿ ಹೊಗೆ ಬರುತ್ತೆ, ಟರ್ಬೊನೇ ಹೋಯ್ತು ಅಂತ ಬಿಚ್ಚೋಕೆ ಮುಂಚೆ ಈ ಪೈಪ್ ನೋಡಿ.