ಹುಳದ ಮನೆ ಗೋಡೆ ಮೇಲೆ ನಾನು ಓದಿದ ಎಂಟನೇ ಕ್ಲಾಸು

ನಾನು ಈ ಸಲ ಎಸ್‌ಎಸ್‌ಎಲ್‌ಸಿ ಬರೆದಿದ್ದೇನೆ. ತಮ್ಮ ಏಳನೇ ಕ್ಲಾಸು ಮುಗಿಸಿದ್ದಾನೆ, ಇನ್ನೇನು ಹೈಸ್ಕೂಲು. ದಿನಾ ಒಂದೊಂದು ಕೇಳುತ್ತಾನೆ. ಅಕ್ಕಾ, ಮೊದಲನೇ ವರ್ಷ ಕಷ್ಟ ಆಯ್ತಾ, ಹೇಗೆ ಓದಿದೆ ಅಂತ. ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ, ಹಳ್ಳಿ ಶಾಲೆ ಮುಗಿಸಿ ಟೌನಿಗೆ ಹೋಗುವ ಮಕ್ಕಳು ಈ ವರ್ಷವೂ ಇರುತ್ತಾರೆ ಅಲ್ವಾ.

ನಮ್ಮೂರು ಶಿಡ್ಲಘಟ್ಟ ತಾಲ್ಲೂಕು. ಮನೆ ಮಾತು ತೆಲುಗು. ಹುಳದ ಮನೆಯಲ್ಲಿ ರೇಷ್ಮೆ ಹುಳ ಸಾಕುತ್ತೇವೆ. ಏಳನೇ ಕ್ಲಾಸಿನವರೆಗೆ ಊರ ಶಾಲೆಯಲ್ಲಿ ಕನ್ನಡದಲ್ಲಿ ಓದಿದೆ. 2023ರಲ್ಲಿ ಅಪ್ಪ ಟೌನಿನ ಒಂದು ಸರ್ಕಾರಿ ಹೈಸ್ಕೂಲಿಗೆ ಸೇರಿಸಿದರು, ಅದೂ ಇಂಗ್ಲಿಷ್ ಮೀಡಿಯಂ ಸೆಕ್ಷನ್‌ಗೆ. ನನ್ನನ್ನು ಕೇಳಲಿಲ್ಲ. ಅಪ್ಪನಿಗೆ ಅದೊಂದು ಆಸೆ ಇತ್ತು, ನಾನೂ ಬೇಡ ಅನ್ನಲಿಲ್ಲ.

ಮೊದಲ ವಾರ ಗೊತ್ತಾಗಿದ್ದು ಇಷ್ಟೇ: ಬೆಲ್ ಹೊಡೆದ ಹಾಗೆಲ್ಲ ಬೇರೆ ಟೀಚರ್ ಬರುತ್ತಾರೆ, ಯಾರಿಗೂ ನನ್ನ ಹೆಸರು ಗೊತ್ತಿಲ್ಲ. ಊರ ಶಾಲೆಯಲ್ಲಿ ನಮ್ಮ ಮೇಷ್ಟ್ರಿಗೆ ನಮ್ಮ ಮನೆ ಹಸು ಕರು ಹಾಕಿದ್ದೂ ಗೊತ್ತಿರುತ್ತಿತ್ತು.

ಸೈನ್ಸ್‌ನಲ್ಲಿ ಮೊದಲನೇ ಪಾಠವೇ ಬೇಸಾಯದ್ದು. ಮಣ್ಣು ಹದ ಮಾಡೋದು, ಬಿತ್ತನೆ, ಗೊಬ್ಬರ, ನೀರು, ಕಳೆ, ಕೊಯ್ಲು, ಕಾಳು ಕೂಡಿಡೋದು. ಎಲ್ಲ ನಮ್ಮ ಮನೆ ಕೆಲಸ. ಮಿಸ್ ಬೋರ್ಡ್ ಮೇಲೆ ಒಂದು ಪದ ಬರೆದು ನನ್ನ ಕಡೆ ಕೈ ತೋರಿಸಿದರು. ವಿನೋಯಿಂಗ್ ಅಂದ್ರೇನಮ್ಮಾ? ಎದ್ದು ನಿಂತೆ. ಬಾಯಿಂದ ಮಾತು ಬರಲಿಲ್ಲ. ಮುಂದಿನ ಬೆಂಚಿನ ಹುಡುಗಿ ಎದ್ದು ಪುಸ್ತಕದಲ್ಲಿದ್ದ ಸಾಲನ್ನು ಪಟಪಟ ಅಂತ ಓದಿದಳು, ಮಿಸ್ ಗುಡ್ ಅಂದರು. ಆಮೇಲೆ ಪುಸ್ತಕದ ಚಿತ್ರ ನೋಡಿದಾಗ ಗೊತ್ತಾಯಿತು. ಅದು ರಾಗಿ ತೂರೋದು! ನಾಲ್ಕೈದು ತಿಂಗಳ ಹಿಂದಷ್ಟೇ ಅವ್ವನ ಜೊತೆ (ನಮ್ಮಲ್ಲಿ ಅಜ್ಜಿಗೆ ಅವ್ವ ಅಂತೀವಿ) ಕಣದಲ್ಲಿ ನಿಂತು, ಗಾಳಿ ಬಂದ ಕಡೆ ನೋಡಿಕೊಂಡು ಮೊರ ಎತ್ತಿ ರಾಗಿ ತೂರಿದ್ದೆ. ಹೊಟ್ಟು ಕಣ್ಣಿಗೆ ಬಿದ್ದು ಎರಡು ದಿನ ಕೆಂಪಗಿತ್ತು. ಕೆಲಸ ನನ್ನ ಕೈಗೆ ಗೊತ್ತಿತ್ತು, ಅದರ ಹೆಸರು ಬೇರೆಯವರ ಬಾಯಲ್ಲಿತ್ತು. ಆ ರಾತ್ರಿ ತುಂಬಾ ಅತ್ತೆ.

ಗಣಿತದಲ್ಲೂ ಇದೇ ಕಥೆ. ಅಂಶ, ಛೇದ ಗೊತ್ತು, ನ್ಯೂಮರೇಟರ್ ಡಿನಾಮಿನೇಟರ್ ಗೊತ್ತಿಲ್ಲ. ಲ.ಸಾ.ಅ. ತೆಗೆಯೋಕೆ ಬರುತ್ತೆ, ಎಲ್‌ಸಿಎಂ ಅಂದರೆ ಗಾಬರಿ. ಭಾಗಲಬ್ಧ ಸಂಖ್ಯೆಯನ್ನು ರ‍್ಯಾಷನಲ್ ನಂಬರ್ ಅಂತಾರೆ ಅಂತ ತಿಳಿಯೋದಕ್ಕೇ ನಾಲ್ಕು ದಿನ ಹಿಡಿಯಿತು. ಮೊದಲನೇ ಎಫ್‌ಎ ಕಿರುಪರೀಕ್ಷೆಯಲ್ಲಿ ಗಣಿತಕ್ಕೆ 20ಕ್ಕೆ 6 ಬಂತು. ಊರಲ್ಲಿ ಗಣಿತದಲ್ಲಿ ನಾನೇ ಮೊದಲು.

ದಾರಿ ಸಿಕ್ಕಿದ್ದು ಮಧ್ಯಾಹ್ನ ಊಟಕ್ಕೆ ಕೂತಾಗ. ನಮ್ಮ ಬಸ್ಸಲ್ಲೇ ಬರುವ ಒಬ್ಬಳು ಕನ್ನಡ ಮೀಡಿಯಂ ಸೆಕ್ಷನ್‌ನಲ್ಲಿದ್ದಳು. ಅವಳ ಸೈನ್ಸ್ ಪುಸ್ತಕ ತೆರೆದು ನೋಡಿದರೆ ಅದೇ ಪಾಠ, ಅದೇ ಕ್ರಮ, ಅದೇ ಚಿತ್ರ. ಭಾಷೆ ಮಾತ್ರ ಕನ್ನಡ. ಎರಡೂ ಪುಸ್ತಕ ಪಕ್ಕ ಪಕ್ಕ ಇಟ್ಟರೆ ಸಾಲಿಗೆ ಸಾಲು ಹೊಂದುತ್ತೆ. ಇದನ್ನು ನನಗೆ ಯಾರೂ ಹೇಳಿರಲಿಲ್ಲ! ಅವಳ ಪುಸ್ತಕ ದಿನಾ ಕೇಳೋಕೆ ಆಗಲ್ಲ. ಆದರೆ ಕರ್ನಾಟಕ ಪಠ್ಯಪುಸ್ತಕ ಸಂಘದ ವೆಬ್‌ಸೈಟಲ್ಲಿ ಎರಡೂ ಮೀಡಿಯಂ ಪುಸ್ತಕಗಳ ಪಿಡಿಎಫ್ ಇದೆ, ದುಡ್ಡು ಕೊಡಬೇಕಾಗಿಲ್ಲ. ಅಪ್ಪನ ಫೋನಿಗೆ ಇಳಿಸಿಕೊಂಡೆ. ಹಿಂದಿನ ರಾತ್ರಿ ಕನ್ನಡದಲ್ಲಿ ಪಾಠ ಓದೋದು, ಬೆಳಿಗ್ಗೆ ಬಸ್ಸಲ್ಲಿ ಅದನ್ನೇ ಇಂಗ್ಲಿಷಲ್ಲಿ ನೋಡೋದು. ಹಾಗೆ ಮಾಡಿದ ಮೇಲೆ ಕ್ಲಾಸಲ್ಲಿ ಮಿಸ್ ಏನು ಹೇಳುತ್ತಿದ್ದಾರೆ ಅಂತ ಮೊದಲ ಸಲ ಹಿಡಿಯೋಕಾಯಿತು. ನಾನು ಮಾಡಿದ್ದರಲ್ಲಿ ಜಾಸ್ತಿ ಉಪಯೋಗಕ್ಕೆ ಬಂದಿದ್ದು ಇದೇ.

ಆದರೂ ಪದಗಳು ನೆನಪಲ್ಲಿ ನಿಲ್ಲುತ್ತಿರಲಿಲ್ಲ. ಕೂತು ಓದೋಕೆ ನನಗೆ ಹೊತ್ತೇ ಸಿಗುತ್ತಿರಲಿಲ್ಲ. ನಮ್ಮದು ರೇಷ್ಮೆ ಮನೆ. ಹುಳ ನಾಲ್ಕನೇ ಜ್ವರದಿಂದ ಎದ್ದ ಮೇಲೆ ಒಂದು ವಾರ ಯಾರಿಗೂ ಪುರುಸೊತ್ತಿಲ್ಲ. (ಜ್ವರ ಅಂದರೆ ಕಾಯಿಲೆ ಅಲ್ಲ, ಹುಳ ಪೊರೆ ಬಿಡೋದಕ್ಕೆ ನಮ್ಮ ಕಡೆ ಹಾಗನ್ನುತ್ತಾರೆ.) ಆ ವಾರ ಎಷ್ಟು ಸೊಪ್ಪು ಹಾಕಿದರೂ ಸಾಲದು. ಬೆಳಿಗ್ಗೆ ಎದ್ದು ತೋಟದಲ್ಲಿ ಹಿಪ್ಪುನೇರಳೆ ಕಡ್ಡಿ ಕೊಯ್ದು ತರೋದು, ಹುಳ ಸಾಕುವ ಸ್ಟ್ಯಾಂಡಿನ ಮೇಲೆ ಹರಡೋದು, ಸಂಜೆ ಬಂದು ಮತ್ತೆ ಅದೇ. ಕೈ ಎರಡೂ ಕೆಲಸದಲ್ಲಿ, ಕಣ್ಣು ಮಾತ್ರ ಖಾಲಿ. ಹುಳದ ಮನೆ ಗೋಡೆಗೆ ಸುಣ್ಣ ಬಳಿದಿತ್ತು. ಒಂದು ಸಂಜೆ ಒಲೆಯಿಂದ ಇದ್ದಿಲು ತಂದು ಸ್ಟ್ಯಾಂಡಿನ ಎದುರು ಗೋಡೆ ಮೇಲೆ ಬರೆದೆ. ಎಡಗಡೆ ತೂರುವುದು, ಬಲಗಡೆ ಅದರ ಇಂಗ್ಲಿಷ್. ಕೆಳಗೆ ಒಕ್ಕಣೆ. ಅದರ ಕೆಳಗೆ ಕಳೆ. ಅಮ್ಮ ಬಂದು ನೋಡಿ, ಗೋಡೆ ಯಾಕೆ ಹಾಳು ಮಾಡ್ತೀಯ ಅಂದರು. ಅಪ್ಪ, ಹೋಗ್ಲಿ ಬಿಡು, ಹೇಗೂ ತೊಳೀತೀವಲ್ಲ ಅಂದರು.

ಅಪ್ಪ ಹೇಳಿದ ಆ ಮಾತೇ ನನಗೆ ಲೆಕ್ಕ ಆಯಿತು. ಚಾಕಿ ಹುಳ (ಅಂದರೆ ಮರಿ ಹುಳ) ತಂದ ದಿನದಿಂದ ಗೂಡು ಬಿಡಿಸೋವರೆಗೆ ಮೂರು ವಾರದ ಮೇಲೆ ಆಗುತ್ತೆ. ಬೆಳೆ ಮುಗಿದ ಮೇಲೆ ಮನೆ ತೊಳೆದು ಬ್ಲೀಚಿಂಗ್ ಪೌಡರ್ ನೀರು ಹೊಡೆದು ಸುಣ್ಣ ಬಳಿಯುತ್ತಾರೆ, ಇಲ್ಲದಿದ್ದರೆ ಮುಂದಿನ ಹುಳಕ್ಕೆ ರೋಗ. ಅಷ್ಟರೊಳಗೆ ಗೋಡೆ ಮೇಲಿನ ಪದಗಳು ನನ್ನ ತಲೆಗೆ ಹೋಗಿರಬೇಕು, ಯಾಕೆಂದರೆ ಗೋಡೆ ಮೇಲೆ ಉಳಿಯಲ್ಲ. ಆ ವರ್ಷ ಶಾಲೆ ನಡೆಯುತ್ತಿದ್ದಾಗ ಐದು ಬೆಳೆ ತೆಗೆದೆವು, ಗೋಡೆ ಐದು ಸಲ ತುಂಬಿತು. ಒಂದು ತಪ್ಪೂ ಮಾಡಿದೆ. ಮೊದಲನೇ ಸಲ ಇಂಗ್ಲಿಷ್ ಪದಗಳನ್ನು ಕನ್ನಡ ಅಕ್ಷರದಲ್ಲಿ ಬರೆದಿದ್ದೆ. ಬಾಯಿಗೆ ಬಂತು, ಪೇಪರಲ್ಲಿ ಸ್ಪೆಲ್ಲಿಂಗ್ ಬರಲಿಲ್ಲ. ಎರಡನೇ ಬೆಳೆಯಿಂದ ಇಂಗ್ಲಿಷ್ ಅಕ್ಷರದಲ್ಲೇ ಬರೆದೆ.

ಬಸ್ಸಿನ ವಿಷಯ ಬೇಗ ಹೇಳಿಬಿಡುತ್ತೇನೆ. ಆ ವರ್ಷ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾಯಿತು. ಆಧಾರ್ ತೋರಿಸಿದರೆ ಸರ್ಕಾರಿ ಬಸ್ಸಲ್ಲಿ ನಮಗೆ ದುಡ್ಡಿಲ್ಲ. ಪ್ರೈವೇಟ್ ಬಸ್ಸು ಮೊದಲು ಬರುತ್ತಿತ್ತು, ಆದರೂ ನಾವು ಹುಡುಗಿಯರೆಲ್ಲ ಕೆಂಪು ಬಸ್ಸಿಗೇ ಕಾಯುತ್ತಿದ್ದೆವು. ನಿಲ್ಲೋಕೂ ಜಾಗ ಇರುತ್ತಿರಲಿಲ್ಲ. ಪುಸ್ತಕ ತೆಗೆಯೋಕೆ ಆಗದ ದಿನ ಹಿಂದಿನ ಸಂಜೆಯ ಗೋಡೆ ನೆನಪು ಮಾಡಿಕೊಳ್ಳುತ್ತಿದ್ದೆ. ಟೌನ್ ಹತ್ತಿರ ಬಂತು ಅಂತ ನೂಲು ತೆಗೆಯೋಕೆ ರೇಷ್ಮೆ ಗೂಡು ಬೇಯಿಸೋ ವಾಸನೆಯಿಂದಲೇ ಗೊತ್ತಾಗುತ್ತಿತ್ತು. ಕೆಲವರು ಮೂಗು ಮುಚ್ಚಿಕೊಳ್ಳುತ್ತಿದ್ದರು. ನನಗೆ ಅದು ಮನೆಯ ವಾಸನೆ.

ಗಣಿತದ ಸಾರ್ ಹತ್ತಿರ ಹೋಗೋಕೆ ಭಯ ಇತ್ತು. ಆಗಸ್ಟ್‌ನಲ್ಲಿ ಒಂದು ದಿನ ಧೈರ್ಯ ಮಾಡಿ ಸ್ಟಾಫ್ ರೂಮ್ ಬಾಗಿಲಲ್ಲಿ ನಿಂತು, ಸಾರ್, ಡೌಟು ಕನ್ನಡದಲ್ಲಿ ಕೇಳಬಹುದಾ ಅಂದೆ. ತಲೆ ಎತ್ತಿ ನೋಡಿ, ತೆಲುಗಲ್ಲೇ ಕೇಳಮ್ಮಾ, ಮೊದಲು ಕೇಳು ಅಂದರು. ಅವತ್ತಿಂದ ವಾರಕ್ಕೆ ಎರಡು ಸಲವಾದರೂ ಹೋಗುತ್ತಿದ್ದೆ. ಮೂರು ತಿಂಗಳು ಸುಮ್ನೆ ಭಯದಲ್ಲಿ ಕಳೆದೆ ಅಂತ ಈಗಲೂ ಬೇಜಾರಾಗುತ್ತೆ. ತಲೆಯೊಳಗೆ ಮಗ್ಗಿ ಇವತ್ತಿಗೂ ಕನ್ನಡದಲ್ಲೇ ಓಡುತ್ತೆ, ಏಳೆಂಟ್ಲಿ ಐವತ್ತಾರು ಅಂತ, ಅದನ್ನು ಬದಲಾಯಿಸೋಕೆ ಹೋಗಲಿಲ್ಲ, ಬದಲಾಯಿಸಬೇಕಾಗಿಯೂ ಬರಲಿಲ್ಲ.

ನವೆಂಬರ್‌ನಲ್ಲಿ ನಾನು ದೊಡ್ಡವಳಾದೆ. ಒಂಬತ್ತು ದಿನ ಮನೆಯಲ್ಲಿ ಕೂರಿಸಿದರು. ನೆಂಟರು ಬಂದರು, ಆರತಿ ಮಾಡಿದರು, ತುಪ್ಪ, ಕೊಬ್ಬರಿ, ಎಳ್ಳುಂಡೆ ಎಲ್ಲ ಆಯಿತು. ನನಗೆ ತಲೆ ತುಂಬ ಶಾಲೆ, ಯಾಕೆಂದರೆ ಪಾಠ ಮುಂದೆ ಹೋಗುತ್ತಿತ್ತು. ಅದಕ್ಕಿಂತ ದೊಡ್ಡ ತೊಂದರೆ ಅಂದರೆ, ಮುಟ್ಟಾದವರು ಹುಳದ ಮನೆ ಬಾಗಿಲು ದಾಟಬಾರದು ಅಂತ ನಮ್ಮ ಮನೆಯಲ್ಲಿ ಕಟ್ಟುನಿಟ್ಟು. ನನ್ನ ಗೋಡೆ ಒಳಗಿತ್ತು, ನಾನು ಹೊರಗೆ. ಒಳಗೆ ಹೋಗೋ ಮುಂಚೆ ಕೈಕಾಲು ತೊಳೆಯಬೇಕು ಅನ್ನೋದಕ್ಕೆ ಕಾರಣ ಇದೆ, ಸೋಂಕು ತಾಗಿದರೆ ಹುಳ ಸಾಯುತ್ತೆ. ಮುಟ್ಟಿನಿಂದ ಹುಳಕ್ಕೆ ಏನೂ ಆಗಲ್ಲ. ಇದನ್ನು ಅವತ್ತು ಹೇಳೋಕೆ ಆಗಲಿಲ್ಲ, ಈಗ ಮನೆಯಲ್ಲಿ ಹೇಳುತ್ತೇನೆ, ಅಮ್ಮ ಅರ್ಧ ಒಪ್ಪಿದ್ದಾರೆ.

ಆಗ ತಮ್ಮ ಐದನೇ ಕ್ಲಾಸು. ಅವನನ್ನು ಕರೆದು, ಗೋಡೆ ಮೇಲಿರೋದನ್ನ ಬರ್ಕೊಂಡು ಬಾರೋ ಅಂದೆ. ಅವನಿಗೆ ಆ ಪದಗಳು ಓದೋಕೆ ಬರಲ್ಲ, ಒಂದೊಂದು ಅಕ್ಷರವನ್ನೂ ಚಿತ್ರ ಬರೆದ ಹಾಗೆ ಬರೆದುಕೊಂಡು ಬಂದ. ಡಿ ಇದ್ದ ಕಡೆ ಬಿ, ಎನ್ ಇದ್ದ ಕಡೆ ಎಚ್. ಹಾಳೆಯ ಮೂಲೆಯಲ್ಲಿ ಸೊಪ್ಪಿನ ಹಸಿರು ಕಲೆ. ನಾನು ಕೂತು ಅವನ ತಪ್ಪುಗಳನ್ನು ತಿದ್ದಿದೆ. ಪದ ಗೊತ್ತಿಲ್ಲದೆ ಸ್ಪೆಲ್ಲಿಂಗ್ ತಿದ್ದೋಕೆ ಆಗಲ್ಲ. ಒಂದು ಹಾಳೆ ಪೂರ್ತಿ ಯಾವ ಪುಸ್ತಕವನ್ನೂ ನೋಡದೆ ತಿದ್ದಿ ಮುಗಿಸಿದಾಗ, ಇಂಗ್ಲಿಷಲ್ಲಿ ಓದೋಕೆ ನನಗೆ ಬರುತ್ತೆ ಅಂತ ಮೊದಲ ಸಲ ಅನಿಸಿತು.

ಅದೇ ವರ್ಷ ಎನ್‌ಎಂಎಂಎಸ್ ಪರೀಕ್ಷೆ ಬರೆದೆ. ಸರ್ಕಾರಿ ಶಾಲೆಯ ಎಂಟನೇ ಕ್ಲಾಸಿನವರು ಇದನ್ನು ಬಿಡಬೇಡಿ. ಪಾಸಾಗಿ ಆಯ್ಕೆಯಾದರೆ ಒಂಬತ್ತರಿಂದ ಹನ್ನೆರಡನೇ ಕ್ಲಾಸಿನವರೆಗೆ ವರ್ಷಕ್ಕೆ 12,000 ರೂಪಾಯಿ ವಿದ್ಯಾರ್ಥಿವೇತನ. 90 ಪ್ರಶ್ನೆಯ ಎರಡು ಪೇಪರು. ನನಗೆ ಸಿಗಲಿಲ್ಲ, ನಮ್ಮ ಬಸ್ಸಿನ ಕನ್ನಡ ಮೀಡಿಯಂ ಹುಡುಗಿಗೆ ಸಿಕ್ಕಿತು. ಖುಷಿಯಾಯಿತು. ಅವಳ ಪುಸ್ತಕದಿಂದಲೇ ಅಲ್ವಾ ನನಗೆ ದಾರಿ ಸಿಕ್ಕಿದ್ದು.

ಮಾರ್ಚ್‌ನಲ್ಲಿ ಎಸ್‌ಎ-2, ಅಂದರೆ ವರ್ಷದ ಕೊನೆಯ ಪರೀಕ್ಷೆ ಬರೆದೆ. ಗಣಿತ, ಸೈನ್ಸ್ ಎರಡರಲ್ಲೂ ನೂರಕ್ಕೆ ಎಪ್ಪತ್ತರ ಮೇಲೆ ಬಂತು. ಹಿಂದಿ ಮಾತ್ರ ಹಿಂದೆಯೇ ಉಳಿಯಿತು, ಅದಕ್ಕೆ ಗೋಡೆಯಲ್ಲಿ ಜಾಗ ಕೊಡಲಿಲ್ಲ, ಕೊಡಬೇಕಾಗಿತ್ತು.

ತಮ್ಮನಿಗೆ ಹೇಳಿದ್ದು ಎರಡೇ. ಯಾವ ಮೀಡಿಯಂಗೆ ಹೋದರೂ ಎರಡೂ ಪುಸ್ತಕ ಇಟ್ಟುಕೋ, ಮೊದಲ ವಾರವೇ ಸ್ಟಾಫ್ ರೂಮ್ ಬಾಗಿಲಿಗೆ ಹೋಗು. ಅವನು ಕನ್ನಡ ಮೀಡಿಯಂ ಸಾಕು ಅನ್ನುತ್ತಾನೆ. ಅಪ್ಪ ಬೇಡ ಅನ್ನುತ್ತಾರೆ. ನನ್ನನ್ನು ಯಾರೂ ಕೇಳಿರಲಿಲ್ಲ, ಅವನನ್ನಾದರೂ ಕೇಳಲಿ ಅಂತ ನಾನು ಅವನ ಕಡೆ ನಿಂತಿದ್ದೇನೆ. ಮನೆಯಲ್ಲಿ ಇನ್ನೂ ಮಾತು ನಡೆಯುತ್ತಿದೆ. ಶಾಲೆ ತೆರೆಯೋದರೊಳಗೆ ತೀರ್ಮಾನ ಆಗಬೇಕು.