ಪೇರಲದ ಕಡ್ಡಿಗೆ ಬೇರು ಬಂತು

ಹೋದ ಆಗಸ್ಟ್‌ನಲ್ಲಿ ಪುಣೆಯ ಧನಕವಡಿಯ ನಮ್ಮ ತಾರಸಿಯಲ್ಲಿ 50 ಪೇರಲದ ಕಡ್ಡಿಗಳ ಪೈಕಿ 28ಕ್ಕೋ 30ಕ್ಕೋ ಬೇರು ಬಂತು. "ಪೇರಲಕ್ಕೆ ಗೂಟಿಯೊಂದೇ ಗತಿ ಕಾಕಾ, ಕಡ್ಡಿ ನೆಟ್ಟು ಯಾಕೆ ಹಣ ಕಳೆಯುತ್ತೀರಿ" ಎನ್ನುತ್ತಿದ್ದ ನರ್ಸರಿಯವರು ಒಂದು ಸಸಿಯನ್ನು ಕಳಚಿ, ಬೇರನ್ನು ಬೆರಳಿನಿಂದ ಮೆಲ್ಲಗೆ ಎಳೆದು ನೋಡಿದರು. ಆಮೇಲೆ ತಮಗೂ ಎರಡು ಕೇಳಿದರು.

ಗೂಟಿ ಕಟ್ಟುವುದು, ಅಂದರೆ ಕೊಂಬೆ ಗಿಡದಲ್ಲಿರುವಾಗಲೇ ಸಿಪ್ಪೆ ಸುಲಿದು, ಒದ್ದೆ ಪಾಚಿ ಕಟ್ಟಿ ಬೇರು ಬರಿಸುವುದು, ನನಗೂ ಗೊತ್ತು. ಆದರೆ ಡ್ರಮ್ಮಿನಲ್ಲಿ ಬೆಳೆದ ಗಿಡದಲ್ಲಿ ಕೊಂಬೆಗಳಾದರೂ ಎಷ್ಟು? ನಾಲ್ಕು ಗೂಟಿ ತೆಗೆದರೆ ಗಿಡವೇ ಬೋಳು. ನನ್ನದು ಎಲ್-49, ಅಂದರೆ ಲಖನೌ-49 ಎಂಬ ಪೇರಲದ ತಳಿ. ಹೆಸರಿನಲ್ಲಿ ಲಖನೌ ಇದ್ದರೂ ಅದನ್ನು ಆರಿಸಿ ತೆಗೆದದ್ದು ಇಲ್ಲೇ ಪುಣೆಯ ಗಣೇಶಖಿಂಡದಲ್ಲಿ, 1927ರಲ್ಲಿ. ಬೀಜದ ಸಸಿಗೆ ತಾಯಿಗಿಡದ ಗುಣ ಬರುವ ಭರವಸೆಯಿಲ್ಲ.

ಮೊದಲ ವರ್ಷ 60 ಕಡ್ಡಿ ನೆಟ್ಟೆ, ಒಂದೂ ಉಳಿಯಲಿಲ್ಲ. ಪೆನ್ಸಿಲ್ ದಪ್ಪದ ಬಲಿತ ಕಡ್ಡಿ, ಡಬ್ಬಿಯಲ್ಲಿ ಸಿಗುವ ಬೇರು ಬರಿಸುವ ಪುಡಿ, ಗೊಬ್ಬರ ಬೆರೆಸಿದ ಮಣ್ಣು. ಇಪ್ಪತ್ತು ದಿನಕ್ಕೆ ಬುಡ ಕಪ್ಪಾಗಿ, ಹಿಡಿದರೆ ಸಿಪ್ಪೆ ಜಾರಿ ಕೈಗೆ ಬರುತ್ತಿತ್ತು. ಮರುವರ್ಷ ಬರೀ ಮರಳಿನಲ್ಲಿ ನೆಟ್ಟೆ. ಕೊಳೆಯಲಿಲ್ಲ, ಆದರೆ ಬುಡದಲ್ಲಿ ಬಿಳಿ ಗಂಟು ಕಟ್ಟಿ ಅಷ್ಟಕ್ಕೇ ನಿಂತಿತು. ಬೇರು ಬಂದದ್ದು 40ರಲ್ಲಿ ಮೂರಕ್ಕೆ ಮಾತ್ರ. ಎರಡೂ ವರ್ಷ ಸೇರಿ ಎರಡೂವರೆ ಸಾವಿರ ಹೋಗಿರಬೇಕು. ಆ ದುಡ್ಡಿಗೆ ಹದಿನೈದು ಗೂಟಿ ಸಸಿ ಬರುತ್ತಿದ್ದವೆಂದು ಮನೆಯವಳು ಲೆಕ್ಕ ಒಪ್ಪಿಸಿದಳು.

ತಪ್ಪಿದ್ದದ್ದು ಕಡ್ಡಿಯ ವಯಸ್ಸಿನಲ್ಲಿ. ಮೂರನೆಯ ಸಲ ಮಾರ್ಚ್ ಕೊನೆಗೇ ತಾಯಿಗಿಡವನ್ನು ಮೊಣಕಾಲೆತ್ತರಕ್ಕೆ ಕಡಿದೆ. ಜೂನ್ ಮುಗಿಯುವ ಹೊತ್ತಿಗೆ ಗಾಳಿಯಲ್ಲಿ ತೇವ ತುಂಬಿತ್ತು. ಹೊಸ ಚಿಗುರಿನ ನಾಲ್ಕು ಮೂಲೆಗಳು ಇನ್ನೂ ಬೆರಳಿಗೆ ಸಿಗುತ್ತಿದ್ದವು. ಕಾಂಡ ದುಂಡಗಾಯಿತೆಂದರೆ ಕಾಲ ಮೀರಿತು. ಕತ್ತರಿಸುವ ಎಂಟು ದಿನ ಮೊದಲು ಚಿಗುರಿಗೆ ಒಂದು ಉಪಚಾರ ಮಾಡುತ್ತೇನೆ, ಅದು ಸದ್ಯಕ್ಕೆ ನನ್ನಲ್ಲೇ ಇರಲಿ. ನಾಲ್ಕೈದು ಇಂಚಿನ ತುಂಡು, ಮೇಲೆ ಅರ್ಧ ಕತ್ತರಿಸಿದ ಎರಡು ಎಲೆ. ಬೇರು ಬರಿಸುವ ಹಾರ್ಮೋನು ಐಬಿಎ ನೀರಿನಲ್ಲಿ ಕರಗದು. 300 ಮಿಲಿಗ್ರಾಂ ಪುಡಿಯನ್ನು 50 ಮಿಲಿ ಸ್ಪಿರಿಟ್‌ನಲ್ಲಿ ಕರಗಿಸಿ ಅಷ್ಟೇ ನೀರು ಸೇರಿಸಿದೆ. ಐದು ಎಣಿಸುವಷ್ಟು ಹೊತ್ತು ಬುಡ ಅದ್ದಿ, ಮರಳು-ಕೋಕೋಪೀಟ್ ಸಮಪಾಲಿನಲ್ಲಿ ನೆಟ್ಟು, ಪಾಲಿಥಿನ್ ಹೊದಿಸಿ ನೆರಳಿನಲ್ಲಿಟ್ಟೆ. ಒಂದು ಗ್ರಾಂ ಐಬಿಎಗೆ ಇನ್ನೂರು ಚಿಲ್ಲರೆ ಕೊಟ್ಟ ನೆನಪು. ಅದು ಫ್ರಿಜ್‌ನಲ್ಲೇ ಇರಬೇಕು. ನನ್ನ ಹಳೆಯ ಡಬ್ಬಿ ಕಿಟಕಿಯ ಬಿಸಿಲಿನಲ್ಲಿ ಕೂತು ಸತ್ವ ಕಳೆದುಕೊಂಡಿತ್ತು.

ಜೊತೆಗೆ ಲೋಳೆಸರ, ಜೇನುತುಪ್ಪಗಳನ್ನೂ ಹತ್ತು ಹತ್ತು ಕಡ್ಡಿಗೆ ಹಚ್ಚಿ ನೋಡಿದೆ. ಲೋಳೆಸರದಲ್ಲಿ ಒಂದೂ ಇಲ್ಲ, ಜೇನಿಗೆ ಇರುವೆ ಮುತ್ತಿದವು. ಸಾಸವಡದಿಂದ ತಂದ ಅಂಜೂರದ ಕಡ್ಡಿಗೆ ಮಾತ್ರ ಏನೂ ಬೇಕಾಗಲಿಲ್ಲ, ಬರೀ ಮರಳಿನಲ್ಲಿ ಹತ್ತಕ್ಕೆ ಎಂಟು ಚಿಗುರಿದವು.

ಬೇರು ಕಂಡ ಸಂತೋಷದಲ್ಲಿ ಒಂದು ಟ್ರೇಯ ಹೊದಿಕೆಯನ್ನು ಒಮ್ಮೆಗೇ ತೆಗೆದು ಆರು ಸಸಿ ಕಳೆದುಕೊಂಡೆ. ಉಳಿದವುಗಳ ಪಾಲಿಥಿನ್‌ಗೆ ದಿನಕ್ಕಿಷ್ಟು ತೂತು ಮಾಡುತ್ತ ಹತ್ತು ದಿನ ಪಳಗಿಸಿದೆ. ಅವು ನಿಂತವು. ನಾಲ್ಕನ್ನು ಇಂಡಿಗೆ, ಅಣ್ಣನ ಹೊಲಕ್ಕೆ ಕಳಿಸಿದ್ದೇನೆ. ಬದುವಿನ ಮೇಲೆ ನೆಟ್ಟಿದ್ದಾನೆ.